ದೊಡ್ಡಮ್ಮನ ಎಡಗಿವಿ

ಮೊನ್ನೆ ಬೆಳಗಿನ ಆರೂವರೆ ಬ್ಯಾಚಿಗೆ ಒಂದು ಹೊಸ ಹುಡುಗಿ ಬಂದಳು. ಎಂಟು ವರ್ಷ ಇರಬಹುದು. ಈಜುವ ಟೋಪಿ ಓರೆಯಾಗಿ ಕೂತಿತ್ತು. ಸರಿಮಾಡೋಣವೆಂದು ಬಗ್ಗಿ ಕಿವಿಯ ಮೇಲೆ ಎಳೆಯುವಷ್ಟರಲ್ಲಿ ಘಮ್ಮೆಂದು ಮೂಗಿಗೆ ಬಡಿಯಿತು. ಎಣ್ಣೆಯಲ್ಲಿ ಕೆಂಪಗೆ ಕಾದ ಬೆಳ್ಳುಳ್ಳಿ! ಈಜುಕೊಳದ ಕ್ಲೋರಿನ್ ವಾಸನೆಯ ನಡುವೆ ಒಗ್ಗರಣೆಯ ಘಮ.

"ಕಿವಿ ನೋವು ಅಂತಿದ್ಲು ಮೇಡಂ, ನಿನ್ನೆ ಸಂಜೆ ಎಣ್ಣೆ ಬಿಟ್ಟೀನಿ, ಈಗ ಆರಾಮಾಗದಾಳೆ" ಎಂದರು ಅವಳ ತಾಯಿ, ದೊಡ್ಡ ಕೆಲಸ ಮಾಡಿದ ಖುಷಿಯಲ್ಲಿ. ಇಂಥವರಿಗೆಂದೇ ನನ್ನ ಹತ್ತಿರ ಒಂದು ಸಿದ್ಧ ಭಾಷಣವಿದೆ. ಅದನ್ನು ಕೇಳಿ ಓಡಿಹೋದ ತಾಯಂದಿರೂ ಇದ್ದಾರೆ. ಆದರೆ ಮೊನ್ನೆ ಆ ಭಾಷಣ ಶುರುಮಾಡಲಿಲ್ಲ. ಆ ವಾಸನೆ ನನ್ನನ್ನು ದಾವಣಗೆರೆಯ ಈ ಟೈಲ್ಸ್ ಹಾಕಿದ ಕೊಳದಿಂದ ಎತ್ತಿ ನೇರ ಸೂಳೆಕೆರೆಯ ದಡಕ್ಕೆ ಒಗೆದಿತ್ತು. ಅಲ್ಲಿ ಸೆರಗು ಸೊಂಟಕ್ಕೆ ಬಿಗಿದು, ಒಗ್ಗರಣೆ ಸೌಟು ಹಿಡಿದು ನಮ್ಮ ದೊಡ್ಡಮ್ಮ ನಿಂತಿದ್ದಳು...

ನಮ್ಮೂರು ಚನ್ನಗಿರಿ ತಾಲೂಕಿನಲ್ಲಿ, ಸೂಳೆಕೆರೆಯ ಮಗ್ಗುಲಿಗೇ ಇದೆ. ಕೆರೆ ಎಂದರೆ ಊರಾಚೆಯ ಒಂದು ಹೊಂಡ ಎಂದುಕೊಂಡವರು ಒಮ್ಮೆ ಬಂದು ಅದರ ಏರಿಯ ಮೇಲೆ ನಿಲ್ಲಬೇಕು. ಬೇರೆ ಊರಿನ ನೆಂಟರು ಆ ನೀರು ನೋಡಿ ಬಾಯಿ ಬಿಟ್ಟರೆ, ನಾವೇ ನಿಂತು ತೋಡಿಸಿದವರ ಹಾಗೆ ಬೀಗುತ್ತಿದ್ದೆವು. ದೊಡ್ಡಮ್ಮ ನಮಗೆ ರಕ್ತಸಂಬಂಧಿಯೇನಲ್ಲ, ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಗಂಡ ಹೆಂಡತಿ ಇಬ್ಬರೂ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ದೊಡ್ಡಪ್ಪ ಹರಿಗೋಲಿನಲ್ಲಿ ಕೂತು ಬಲೆ ಎಳೆದರೆ, ಬಲೆ ಎಲ್ಲಾದರೂ ಮುಳ್ಳಿಗೋ ಕಳೆಗೋ ಸಿಕ್ಕಿಕೊಂಡರೆ ನೀರಿಗಿಳಿದು ಬಿಡಿಸುವವಳು ದೊಡ್ಡಮ್ಮ. ಮಕ್ಕಳಿರಲಿಲ್ಲ. ಬಹುಶಃ ಅದಕ್ಕೇ ಗೋಡೆಯಾಚೆಯ ನನ್ನನ್ನು ಅಷ್ಟೊಂದು ಹಚ್ಚಿಕೊಂಡಿದ್ದಳು.

ಅವಳ ಮೈಕಟ್ಟನ್ನು ಹೇಳದೆ ಮುಂದೆ ಹೋಗಲಾರೆ. ಅಗಲ ಭುಜ, ದಪ್ಪ ಕತ್ತು, ಹಲಗೆಯಂಥ ಬೆನ್ನು, ಕೆಳಗೆ ಸಣ್ಣ ಸೊಂಟ. ಈಗ ದಿನವೂ ಈಜುಗಾರರ ಮೈಯನ್ನೇ ನೋಡುವ ನನಗೆ ಅದೇನೆಂದು ಗೊತ್ತು. ನೀರನ್ನು ಹಿಂದಕ್ಕೆ ತಳ್ಳಿ ತಳ್ಳಿ ಬೆನ್ನಿನ ಸ್ನಾಯು ಎರಡು ಕಡೆಗೆ ಹರಡಿಕೊಳ್ಳುತ್ತದೆ. ಆಗ ನಮ್ಮೂರಿನವರಿಗೆ ಅದು ಬರೀ ಗಂಡುಮೈ. ನಮ್ಮವ್ವ ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ದೊಡ್ಡಮ್ಮನ ಜಂಪರ್ ಬಂತೆಂದರೆ ಟೇಪು ಹಿಡಿದು ನಿಟ್ಟುಸಿರು ಬಿಡುತ್ತಿದ್ದಳು. "ಅಕ್ಕಾ, ಎಲ್ಲಾರ್ಗಿಂತ ನಿಂಗೆ ಕಾಲು ಮೀಟರ್ ಜಾಸ್ತಿ ತಗಂಬರ್ಬೇಕು ನೋಡು." ದೊಡ್ಡಮ್ಮ ನಗುತ್ತಿದ್ದಳು. ಅವ್ವ ನಗುತ್ತಿರಲಿಲ್ಲ, ಯಾಕೆಂದರೆ ಆ ಟೇಪು ಆಮೇಲೆ ಸುತ್ತಿಕೊಳ್ಳುತ್ತಿದ್ದದ್ದು ನನ್ನ ಭುಜಕ್ಕೆ. ಮಗಳೂ ಹಾಗೇ ಆಗಿಬಿಟ್ಟರೆ ಕೊಟ್ಟು ಕಳಿಸುವುದು ಹೇಗೆ ಎನ್ನುವ ಚಿಂತೆ ಅವ್ವನಿಗೆ ನನಗೆ ಹತ್ತು ತುಂಬುವ ಮೊದಲೇ ಹತ್ತಿತ್ತು. ಅಪ್ಪ ಲಾರಿಯ ಮೇಲೆ ಊರೂರು ಸುತ್ತುತ್ತಿದ್ದರಿಂದ ನಮ್ಮನೆಯ ಸುಪ್ರೀಂ ಕೋರ್ಟು ಅವ್ವನೇ.

ಆದರೆ ನೀರಿನಲ್ಲಿ ದೊಡ್ಡಮ್ಮನನ್ನು ನೋಡಬೇಕಿತ್ತು! ತಲೆ ಎತ್ತಿಕೊಂಡು, ಹಣೆಯ ಕುಂಕುಮ ಒದ್ದೆಯಾಗದ ಹಾಗೆ ಈಜುತ್ತಿದ್ದಳು. ಸದ್ದೇ ಇಲ್ಲ. ಈಗ ಇಲ್ಲಿದ್ದಳು ಎನ್ನುವಷ್ಟರಲ್ಲಿ ಅಲ್ಲಿ. ದಡದಲ್ಲಿ ನಡೆಯುವಾಗ ಕಾಲೆಳೆದು ನಡೆಯುವ ಹೆಂಗಸು ನೀರಿಗಿಳಿದ ಕೂಡಲೇ ಇಪ್ಪತ್ತು ವರ್ಷ ಚಿಕ್ಕವಳಾಗುತ್ತಿದ್ದಳು. ಅವಳಿಗೆ ಒಂದು ಕೆಟ್ಟ ಹೆಸರೂ ಇತ್ತು, ಜಂಬದವಳು ಎಂದು. ಕರೆದರೆ ತಿರುಗಿ ನೋಡುವುದಿಲ್ಲ, ಮಾತಾಡಿಸಿದರೆ ಮುಖ ಹಾಕಿಕೊಂಡು ಹೋಗುತ್ತಾಳೆ ಎಂದು ಬೋರ್‌ವೆಲ್ ಹತ್ತಿರದ ಹೆಂಗಸರು ಆಡಿಕೊಳ್ಳುತ್ತಿದ್ದರು. ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನನ್ನ ಜೊತೆ ಬಾಯಿ ನೋಯುವಷ್ಟು ಮಾತಾಡುತ್ತಿದ್ದವಳು ಜಂಬದವಳು ಹೇಗಾದಾಳು?

ಆರು ವರ್ಷದವಳಿದ್ದಾಗ ನನ್ನ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ನೀರಿಗೆ ಬಿಟ್ಟವಳು ಅವಳೇ. ಏಳಕ್ಕೆ ಕ್ಯಾನು ಬಿಚ್ಚಿದಳು. "ನೀರನ್ನ ಬಡೀಬ್ಯಾಡ ಹುಡುಗಿ, ಅದೇನ್ ತಪ್ಪು ಮಾಡೈತೆ ನಿಂಗೆ? ಮೆತ್ತಗೆ ಹಿಂದಕ್ಕೆ ತಳ್ಳು" ಎನ್ನುತ್ತಿದ್ದಳು. ಇವತ್ತಿಗೂ ನಾನು ಮಕ್ಕಳಿಗೆ ಹೇಳಿಕೊಡುವುದು ಇಷ್ಟನ್ನೇ, ಸ್ವಲ್ಪ ಇಂಗ್ಲಿಷ್ ಬೆರೆಸಿ ಫೀಸು ತೆಗೆದುಕೊಳ್ಳುತ್ತೇನೆ ಅಷ್ಟೆ.

ನೀರಿನಿಂದ ಎದ್ದ ಮೇಲೆ ನಮ್ಮದೊಂದು ಪದ್ಧತಿ ಇತ್ತು. ಕಿವಿಗೆ ನೀರು ಹೋದವರು ದಡದ ಮೇಲೆ ಬಿಸಿಲಿಗೆ ಕಾದ ಚಪ್ಪಟೆ ಕಲ್ಲು ಆರಿಸಿ, ಅದನ್ನು ಕಿವಿಗೆ ಒತ್ತಿಕೊಂಡು, ತಲೆ ವಾಲಿಸಿ ಒಂಟಿಕಾಲಿನಲ್ಲಿ ಕುಣಿಯಬೇಕು. ಕುಣಿದು ಕುಣಿದು, ಒಂದು ಕ್ಷಣದಲ್ಲಿ ಒಳಗಿನಿಂದ ಬೆಚ್ಚಗೆ ಏನೋ ಜಾರಿ ಕಲ್ಲಿನ ಮೇಲೆ ಕಪ್ಪು ಚುಕ್ಕೆ ಮೂಡುತ್ತಿತ್ತು. ಆಹಾ, ಮುಚ್ಚಿದ್ದ ಲೋಕ ಫಟ್ಟೆಂದು ತೆರೆದುಕೊಂಡು ಹಕ್ಕಿ, ಬಸ್ಸು, ಬೈಗುಳ ಎಲ್ಲ ಒಟ್ಟಿಗೇ ಕೇಳಿಸುವ ಸುಖ! ಹತ್ತು ಹುಡುಗಿಯರು ಸಾಲಾಗಿ ಕಲ್ಲು ಹಿಡಿದು ಕುಣಿಯುವುದನ್ನು ನೋಡಿ ಏರಿಯ ಮೇಲೆ ಹೋಗುವ ಬಸ್ಸಿನವರು ಕಿಟಕಿಯಿಂದ ಕೈಬೀಸುತ್ತಿದ್ದರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಡ್ರಿಲ್ ಮೇಷ್ಟ್ರು ಒಂದು ಸುದ್ದಿ ತಂದರು. ಇನ್ನು ಏಳು ವಾರಕ್ಕೆ ದಾವಣಗೆರೆಯಲ್ಲಿ ಶಾಲಾ ಮಕ್ಕಳ ಈಜು ಸ್ಪರ್ಧೆ, ಐವತ್ತು ಮೀಟರ್, ಮೊದಲಿನ ಇಬ್ಬರನ್ನು ಮುಂದಿನ ಹಂತಕ್ಕೆ ಆರಿಸುತ್ತಾರೆ. ನನ್ನ ಹೆಸರು ಬರೆದು ಕಳಿಸಿಯೂ ಆಗಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಾಲೆಯಿಂದ ಮನೆಗೆ ಓಡಿ ಬಂದೆನೋ ಹಾರಿ ಬಂದೆನೋ! ಅವ್ವ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಕೆರೇಲಿ ಬಿದ್ದಿರೋದು ಸಾಲ್ದು ಅಂತ ದಾವಣಗೆರಿಗೆ ಬೇರೆ ಹೋಗ್ಬೇಕಾ?" ಎಂದಳು. ಆದರೂ ಬೇಡ ಎನ್ನಲಿಲ್ಲ. ಮಾರನೇ ದಿನ ಡ್ರಿಲ್ ಮೇಷ್ಟ್ರು ಮನೆಗೇ ಬಂದು ಕೇಳಿದ್ದರಿಂದ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತೆಂದು ನನಗೆ ಗೊತ್ತು.

ತಮಾಷೆಯೆಂದರೆ ಡ್ರಿಲ್ ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಪಾಪ, ಬಯಲುಸೀಮೆಯ ಜಗಳೂರಿನವರು, ಮೊಣಕಾಲಿಗಿಂತ ಆಳದ ನೀರು ಕಂಡರೆ ಹೆದರುತ್ತಿದ್ದರು. ಆದರೆ ಎಲ್ಲಿಂದಲೋ ಒಂದು ಪುಸ್ತಕ ಸಂಪಾದಿಸಿ, ಸ್ಟಾಫ್ ರೂಮಿನ ಮೇಜಿನ ಮೇಲೆ ಬೋರಲು ಮಲಗಿ ಕೈ ಬೀಸಿ ತೋರಿಸಿದರು. ತಲೆ ಎತ್ತಬಾರದು, ಮುಖ ನೀರೊಳಗೇ ಇರಬೇಕು, ಉಸಿರಿಗೆ ಮಾತ್ರ ಪಕ್ಕಕ್ಕೆ ಹೊರಳಬೇಕು. "ತಲೆ ಎತ್ತಿದ್ರೆ ಸೊಂಟ ಮುಳುಗ್ತೈತೆ, ಸೊಂಟ ಮುಳುಗಿದ್ರೆ ನೀನು ಮುಳುಗ್ದಂಗೆ" ಎಂದು ಮೇಜಿನಿಂದ ಕೆಳಗಿಳಿದು ಶರ್ಟು ಕೊಡವಿಕೊಂಡರು. ಈಜು ಬಾರದ ಆ ಮನುಷ್ಯ ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು.

ನಾನು ಅದನ್ನು ಹಾಗೇ ಹೊತ್ತು ತಂದು ದೊಡ್ಡಮ್ಮನ ಮುಂದೆ ಇಳಿಸಿದೆ. ಮೊದಲು ಬಿದ್ದು ಬಿದ್ದು ನಕ್ಕಳು. ಮುಖ ಮುಳುಗಿಸಿ ಈಜಿದರೆ ಎದುರಿಗೆ ಬಂಡೆ ಬಂದದ್ದು ಹೇಗೆ ಕಾಣಬೇಕು ಎಂದು ಕೇಳಿದಳು. ಆಮೇಲೆ ಅವಳೇ ಕೆರೆಯಲ್ಲಿ ನನಗೊಂದು ಓಟದ ದಾರಿ ಹಾಕಿಕೊಟ್ಟಳು. ಅವರ ಬಲೆ ತೇಲಲು ಹಳೆಯ ರಬ್ಬರ್ ಚಪ್ಪಲಿಗಳನ್ನು ತುಂಡು ಮಾಡಿ ಕಟ್ಟುತ್ತಿದ್ದರು. ಬಲೆಯ ಉದ್ದ ದೊಡ್ಡಪ್ಪನಿಗೆ ಮೊಳದ ಲೆಕ್ಕದಲ್ಲಿ ಬಾಯಿಪಾಠ. ಒಂದು ಗಳದಿಂದ ಇನ್ನೊಂದು ಗಳಕ್ಕೆ ಐವತ್ತು ಮೀಟರ್ ಹಗ್ಗ, ಅದರುದ್ದಕ್ಕೂ ನೀಲಿ ಬಿಳಿ ಚಪ್ಪಲಿ ತುಂಡು. ನನ್ನ ಮೊದಲ ಲೇನು ಅದು! ಯಾರದೋ ಸವೆದ ಹಿಮ್ಮಡಿಗಳ ಪಕ್ಕದಲ್ಲಿ ಮುಖ ಮುಳುಗಿಸಿ, ದಿನಕ್ಕೆ ಇಪ್ಪತ್ತು ಸಲ ಆ ಗಳದಿಂದ ಈ ಗಳಕ್ಕೆ.

ಒಂದು ವಾರ ಕಳೆಯುವಷ್ಟರಲ್ಲಿ ಕಿವಿ ತುರಿಸಲು ಶುರುವಾಯಿತು. ಇಷ್ಟು ವರ್ಷ ತಲೆ ಎತ್ತಿ ಈಜಿದ್ದಾಗ ಹನಿಯಷ್ಟು ಹೋಗುತ್ತಿದ್ದ ನೀರು ಈಗ ಗಂಟೆಗಟ್ಟಲೆ ಒಳಗೇ ಕೂರುತ್ತಿತ್ತು. ಕಲ್ಲು ಒತ್ತಿಕೊಂಡು ಎಷ್ಟು ಕುಣಿದರೂ ಲೋಕ ತೆರೆದುಕೊಳ್ಳದು. ಹೇರ್‌ಪಿನ್ ಹಾಕಿ ಕೆರೆದುಕೊಂಡೆ. ಅಬ್ಬಾ, ಆ ಸುಖ! ಅದರ ಹಿಂದೆಯೇ ನೋವು ಬಂತು. ಕಿವಿಯ ಹಾಲೆ ಮುಟ್ಟಿದರೆ ಪ್ರಾಣ ಹೋಗುವಂತಾಗುತ್ತಿತ್ತು. ಅನ್ನ ಅಗಿಯಲೂ ಆಗುತ್ತಿರಲಿಲ್ಲ. ಅವ್ವನಿಗೆ ಗೊತ್ತಾದರೆ ದಾವಣಗೆರೆ ಕನಸು ಅಲ್ಲಿಗೇ ಮುಗಿಯಿತೆಂದು ಹೆದರಿ, ಗೋಡೆಯಾಚೆಗೆ ಹೋಗಿ ದೊಡ್ಡಮ್ಮನ ಮಡಿಲಲ್ಲಿ ತಲೆಯಿಟ್ಟೆ.

ದೊಡ್ಡಮ್ಮನಿಗೆ ಕಿವಿನೋವೆಂದರೆ ಒಂದೇ ಮದ್ದು ಗೊತ್ತಿದ್ದದ್ದು. ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ತನ್ನ ಮುಂಗೈ ಮೇಲೆ ಹನಿ ಬಿಟ್ಟು ಬಿಸಿ ನೋಡಿ, ನನ್ನ ಕಿವಿ ತುಂಬಿಸಿ, ಹತ್ತಿ ತುರುಕಿದಳು. ಬೆಚ್ಚಗೆ ಇಳಿಯುವಾಗ ಎಷ್ಟು ಹಿತ ಅಂತೀರಿ! ಮಾರನೇ ದಿನವೂ ಹಾಕಿದಳು, ಅದರ ಮಾರನೇ ದಿನವೂ. ಎಣ್ಣೆ ಹಾಕಿಸಿಕೊಂಡು ಈಜಿದೆ, ಈಜಿ ಬಂದು ಎಣ್ಣೆ ಹಾಕಿಸಿಕೊಂಡೆ. ನಾಲ್ಕನೇ ದಿನ ಕಿವಿ ಊದಿ ಮುಚ್ಚಿಹೋಯಿತು, ದಿಂಬಿನ ಮೇಲೆ ಕಪ್ಪು ಕಪ್ಪು ಪುಡಿ ಬಿದ್ದಿತು, ಜ್ವರ ಏರಿತು. ಗುಟ್ಟು ಬಯಲಾಯಿತು.

ಅವ್ವ ಮಿಷನ್ ನಿಲ್ಲಿಸಿ ಎದ್ದು ನಿಂತಳೆಂದರೆ ಅದು ತೀರ್ಪು. "ಇನ್ ಮ್ಯಾಲೆ ಕೆರೆ ಕಡೆ ಕಾಲಿಟ್ಟೀಯಾ ಜೋಕೆ. ದಾವಣಗೆರೆ ಇಲ್ಲ, ಏನಿಲ್ಲ." ದೊಡ್ಡಮ್ಮನ ಕಡೆಗೂ ತಿರುಗಿ ಅನ್ನಬಾರದ್ದನ್ನು ಅಂದಳು. ಸ್ವಂತ ಮಕ್ಕಳಿದ್ದಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದೂ ಕೇಳಿಬಿಟ್ಟಳು. ದೊಡ್ಡಮ್ಮ ಒಳಗೆ ಹೋಗಿ ಸೀರೆ ಬದಲಿಸಿ ಬಂದು, "ನಡಿ, ಡಾಕ್ಟ್ರ ಹತ್ರ ಹೋಗಾನ" ಎಂದಳು. ಚನ್ನಗಿರಿಗೆ ವಾರಕ್ಕೊಮ್ಮೆ ಒಬ್ಬ ಕಿವಿ ಡಾಕ್ಟರು ಬರುತ್ತಿದ್ದರು. ಮೂವರೂ ಬಸ್ಸು ಹತ್ತಿದೆವು. ಅವ್ವ ಒಂದು ಸೀಟಿನಲ್ಲಿ, ದೊಡ್ಡಮ್ಮ ಇನ್ನೊಂದರಲ್ಲಿ, ನಡುವೆ ನನ್ನ ಊದಿದ ಕಿವಿ.

ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು ಇಣುಕಿ, "ಹಳೇ ರೊಟ್ಟಿ ಮೇಲೆ ಬರ್ತೈತಲ್ಲ ಬೂಷ್ಟು, ಅದು ನಿನ್ನ ಕಿವ್ಯಾಗೆ ಬೆಳೆದೈತಮ್ಮ" ಎಂದರು. ನೀರಿನ ತೇವಕ್ಕೆ ಎಣ್ಣೆ ಸೇರಿಸಿ ನಾವೇ ಅದಕ್ಕೆ ಗೊಬ್ಬರ ಹಾಕಿದ್ದೆವಂತೆ. ನನಗೆ ನೋವಿನಲ್ಲೂ ನಗು ಬಂತು. ಒಳಗಿನ ತಮಟೆ ಚೆನ್ನಾಗಿದೆ, ಹನ್ನೆರಡು ದಿನ ಹನಿ ನೀರೂ ಸೋಕಬಾರದು, ಆಮೇಲೆ ಧಾರಾಳವಾಗಿ ಈಜಲಿ ಎಂದರು. ಎಣ್ಣೆ ಹಾಕಿದವರು ಯಾರೆಂದು ಕೇಳಿದಾಗ ಅವ್ವ ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು. ಡಾಕ್ಟರು ಅವಳ ಎಡಗಡೆಯಿಂದ ಎರಡು ಸಲ ಕೇಳಿದರು. ಅವಳು ತಿರುಗಲಿಲ್ಲ. ಮೂರನೇ ಸಲ ಅವರು ಎದ್ದು ಬಂದು ಅವಳ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದರು. ಅದಕ್ಕೂ ಇಲ್ಲ.

ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರಿಗೂ ಅದು ಗೊತ್ತಿರಲಿಲ್ಲ. ಜಂಬದವಳು ಎನಿಸಿಕೊಂಡರೂ ಪರವಾಗಿಲ್ಲ, ಕಿವುಡಿ ಎನಿಸಿಕೊಳ್ಳಬಾರದು ಎಂದು ದೊಡ್ಡಮ್ಮ ಅಷ್ಟು ವರ್ಷ ಮುಚ್ಚಿಟ್ಟಿದ್ದಳು. ಡಾಕ್ಟರು ಅವಳನ್ನೂ ಸ್ಟೂಲಿನ ಮೇಲೆ ಕೂರಿಸಿ ನೋಡಿದರು. ತಮಟೆಯಲ್ಲಿ ತೂತು. "ನೀರಿಗೆ ಬಿದ್ದೂ ಬಿದ್ದೂ ಹಿಂಗಾಗೈತಲ್ರೀ? ನನ್ನ ಮಗಳ್ಗೂ ಹಿಂಗೇ ಆದ್ರೆ?" ಎಂದು ಅವ್ವ ಅಳುವುದಕ್ಕೇ ಶುರುಮಾಡಿದಳು. ಇಲ್ಲಮ್ಮ, ಇದು ಈಜಿನಿಂದ ಬಂದದ್ದಲ್ಲ, ಚಿಕ್ಕಂದಿನಲ್ಲಿ ಕಿವಿ ಸೋರಿದ್ದಕ್ಕೆ ಔಷಧಿ ಮಾಡದೆ ಬಿಟ್ಟದ್ದು ಎಂದರು ಡಾಕ್ಟರು. ನಮ್ಮಿಬ್ಬರನ್ನು ಹೊರಗೆ ಔಷಧಿ ತೆಗೆದುಕೊಳ್ಳಲು ಕಳಿಸಿ, ದೊಡ್ಡಮ್ಮನ ಜೊತೆ ಸ್ವಲ್ಪ ಹೊತ್ತು ಮಾತಾಡಿದರು. ಅವಳು ಒಂದು ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಹೊರಗೆ ಬಂದಳು. ಏನಂದರೆಂದು ಅವ್ವ ಕೇಳಿದ್ದಕ್ಕೆ, "ವಯಸ್ಸಾತು ಅಂದ್ರು" ಎಂದು ನಕ್ಕಳು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಅವಳ ಕೈ ಹಿಡಿದುಕೊಂಡಳು. ಅಂದದ್ದಕ್ಕೆಲ್ಲ ಕ್ಷಮೆ ಕೇಳುವುದು ಅವ್ವನ ಜಾಯಮಾನವಲ್ಲ, ಒಂದು ಸೋಡಾ ಕುಡಿಸಿದಳು. ಮನೆ ತಲುಪುವಷ್ಟರಲ್ಲಿ ನನ್ನ ಮೇಲಿನ ತೀರ್ಪೂ ಬದಲಾಗಿತ್ತು. ಹನ್ನೆರಡು ದಿನ ಕಳೆದ ಮೇಲೆ ಈಜಬಹುದು, ದಾವಣಗೆರೆಗೂ ಹೋಗಬಹುದು. ಆದರೆ ಒಂದು ಷರತ್ತು. "ಅಕ್ಕ, ಇವ್ಳು ನೀರಾಗಿದ್ದಷ್ಟೂ ಹೊತ್ತು ನೀನು ಪಕ್ಕದಾಗೇ ಇರ್ಬೇಕು. ದಡದ ಮ್ಯಾಲಲ್ಲ, ನೀರಾಗೆ. ತಲೆ ಒಳಗಿಟ್ಟು ಈಜೋಳು, ಜ್ವರದಾಗೆ ಬ್ಯಾರೆ ಸೊರಗ್ಯಾಳೆ, ಏನಾದ್ರೂ ಆದ್ರೆ ಮ್ಯಾಲಿಂದ ಯಾರಿಗೆ ಕಾಣತೈತೆ? ಇಲ್ಲಾಂದ್ರೆ ನಾನು ಕಳ್ಸಲ್ಲ." ದೊಡ್ಡಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಆತು ಬಿಡು" ಎಂದಳು.

ಆ ಇಪ್ಪತ್ತೆರಡು ದಿನಗಳು! ನನ್ನ ಇಡೀ ಬದುಕಿನಲ್ಲಿ ಅಷ್ಟು ಖುಷಿಯಾಗಿದ್ದ ದಿನ ಇನ್ನೊಂದಿಲ್ಲ. ಬೆಳಕು ಹರಿಯುತ್ತಲೇ ನೀರಿಗೆ. ಡಾಕ್ಟರು ಹೇಳಿದ ಹಾಗೆ ಹತ್ತಿ ಉಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಮಾತ್ರ ಇಟ್ಟು, ಮೇಲೆ ಬಿಗಿಯಾಗಿ ಟೋಪಿ. ಈಜಿ ಬಂದು ತಲೆ ವಾಲಿಸಿ, ಕಿವಿಯ ಹೊರಗನ್ನಷ್ಟೇ ಒರೆಸಿಕೊಳ್ಳುವುದು. ಹೇರ್‌ಪಿನ್ನನ್ನು ಅವ್ವ ಒಲೆಗೇ ಹಾಕಿದ್ದಳು. ಷರತ್ತಿನಂತೆ ದೊಡ್ಡಮ್ಮ ಪಕ್ಕದಲ್ಲೇ ಇರುತ್ತಿದ್ದಳು. ಸುಮ್ಮನೆ ತೇಲುತ್ತಾ ಕಾವಲು ಕಾಯುವವಳೇ ಅವಳು? ನಾನು ಮುಖ ಮುಳುಗಿಸಿ ಹೊರಟರೆ ಅವಳೂ ಜೀವಮಾನದಲ್ಲಿ ಮೊದಲ ಸಲ ಮುಖ ಮುಳುಗಿಸಿ ಹೊರಟಳು. ಕುಂಕುಮ ತೊಳೆದುಹೋಯಿತು. ನಾನು ಎಷ್ಟು ಕಾಲು ಬಡಿದರೂ ಪಕ್ಕದ ಹಸಿರು ನೀರಿನಲ್ಲಿ ಅವಳ ಅಗಲ ಭುಜ ಅರ್ಧ ಮೊಳ ಮುಂದೆ, ಯಾವಾಗಲೂ ಅರ್ಧ ಮೊಳ ಮುಂದೆ. ಅವಳನ್ನು ಹಿಂದೆ ಹಾಕಬೇಕೆನ್ನುವ ಹಠದಲ್ಲೇ ನನಗೆ ವೇಗ ಬಂತು. ಹದಿನೆಂಟನೇ ದಿನವೋ ಏನೋ, ಗಳ ಮುಟ್ಟಿ ತಲೆ ಎತ್ತಿದರೆ ಅವಳು ಇನ್ನೂ ಬರುತ್ತಿದ್ದಳು! ನಾನು ಕಿರುಚಿದ ಕಿರುಚಿಗೆ ದೊಡ್ಡಪ್ಪ ಹರಿಗೋಲಿನಲ್ಲಿ ಎದ್ದು ನಿಂತು, ಅದು ಓಲಾಡಿ, ಅವನೂ ನೀರಿಗೆ ಬಿದ್ದ.

ಆಗ ಒಂದು ಹೊಸ ತೊಂದರೆ ಗೊತ್ತಾಯಿತು. ಕಿವಿಗೆ ಹತ್ತಿ, ಮೇಲೆ ಟೋಪಿ, ಡ್ರಿಲ್ ಮೇಷ್ಟ್ರು ದಡದಿಂದ ವಿಷಲ್ ಊದಿದರೆ ನನಗೆ ಕೇಳುವುದೇ ಇಲ್ಲ. ಅವರು ಊದಿ ಊದಿ ಸುಸ್ತಾದ ಮೇಲೆ ನಾನು ಹೊರಡುತ್ತಿದ್ದೆ. ಮೇಷ್ಟ್ರು ತಲೆ ಚಚ್ಚಿಕೊಂಡರು. ದೊಡ್ಡಮ್ಮ ಮಾತ್ರ, ಅದೇನು ಮಹಾ ಎನ್ನುವಂತೆ, "ಕಿವೀಲಿ ಕೇಳಾಕೆ ಹೋಗ್ಬ್ಯಾಡ. ಊದೋರ ಕೆನ್ನೆ ನೋಡು. ಸದ್ದು ಬರಾಕಿಂತ ಮುಂಚೆ ಕೆನ್ನೆ ಉಬ್ಬತೈತೆ" ಎಂದಳು. ನಲವತ್ತು ವರ್ಷ ಅವಳು ಊರನ್ನು ಕೇಳಿಸಿಕೊಂಡದ್ದೇ ಹಾಗೆ. ತುಟಿ ನೋಡಿ, ಕತ್ತಿನ ನರ ನೋಡಿ, ಬಲೆ ಎಳೆಯುವ ಗಂಡನ ಭುಜ ನೋಡಿ. ಮೂರು ದಿನ ಮೇಷ್ಟ್ರ ಕೆನ್ನೆಯನ್ನೇ ಅಭ್ಯಾಸ ಮಾಡಿದೆ. ಅವರಿಗೆ ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸುತ್ತಿದ್ದರು.

ದಾವಣಗೆರೆಗೆ ಎಲ್ಲರೂ ಹೋದೆವು, ಅವ್ವನೂ. ಅಂಚಿಗೆ ಓಡಿ ಹೋಗಿ ಕೊಳದೊಳಗೆ ಇಣುಕಿದೆ. ತಳ ಕಾಣುವ ನೀರನ್ನು ಅವತ್ತಿನವರೆಗೆ ಬಿಂದಿಗೆಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣು ಹೋದದ್ದು ಅಲ್ಲಿದ್ದ ದೊಡ್ಡ ಹುಡುಗಿಯರ ಮೇಲೆ. ಕಾಲೇಜಿನವರು, ಹಾಲ್‌ನಂಥ ಜಾಗದಲ್ಲಿ ಕೈ ತಿರುಗಿಸುತ್ತಾ ಮೈ ಸಡಿಲಿಸುತ್ತಿದ್ದರು. ಅಗಲ ಭುಜ, ಹಲಗೆ ಬೆನ್ನು, ಸಣ್ಣ ಸೊಂಟ. ಸಾಲು ಸಾಲಾಗಿ ದೊಡ್ಡಮ್ಮಂದಿರು! ನಾನು ಅವಳ ಬಲಗಡೆಗೆ ಓಡಿ, "ಎಲ್ಲಾರೂ ನಿನ್ನಂಗೇ ಅದಾರೆ ನೋಡು" ಎಂದೆ. ಅವಳು ಬಹಳ ಹೊತ್ತು ನೋಡಿದಳು. ಸೆರಗು ಹೊದ್ದು ಭುಜ ಮುಚ್ಚಿಕೊಂಡೇ ಊರಿನಲ್ಲಿ ಓಡಾಡುತ್ತಿದ್ದವಳು ಅವತ್ತು ಮೆಲ್ಲಗೆ ಸೆರಗನ್ನು ಹಿಂದಕ್ಕೆ ಸರಿಸಿ ನೆಟ್ಟಗೆ ಕೂತಳು. ಆಮೇಲೆ ಅವ್ವನ ಕಡೆ ಬಾಗಿ, "ಇವ್ರಿಗೆಲ್ಲ ಜಂಪರ್ ಹೊಲಿಯೋರ ಗತಿ ಏನೇ?" ಎಂದಳು. ಅವ್ವ ಮೊದಲ ಸಲ ಆ ಮಾತಿಗೆ ನಕ್ಕಳು.

ಓಟದ ಬಗ್ಗೆ ಏನು ಹೇಳಲಿ! ಎಂಟು ಹುಡುಗಿಯರು ಅಂಚಿನ ಮೇಲೆ ಬಾಗಿ ನಿಂತೆವು. ಉಳಿದ ಏಳು ಜನ ನೀರು ನೋಡುತ್ತಿದ್ದರು. ನಾನೊಬ್ಬಳೇ ಕತ್ತು ಓರೆ ಮಾಡಿ ವಿಷಲ್ ಹಿಡಿದವರ ಮುಖ ನೋಡುತ್ತಿದ್ದೆ. ದಪ್ಪ ಮೀಸೆಯ ಮನುಷ್ಯ. ನನ್ನ ಲೋಕದಲ್ಲಿ ಒಂದೂ ಸದ್ದಿಲ್ಲ, ನನ್ನ ಎದೆ ಬಡಿತ ಮಾತ್ರ. ಮೀಸೆ ಅಲುಗಿತು. ಕೆನ್ನೆ ಉಬ್ಬಿತು. ಉಬ್ಬಿದ ಕೆನ್ನೆ ಒಳಕ್ಕೆ ಒತ್ತಿ ಉಸಿರು ಹೊರಟಿತು, ನಾನು ಗಾಳಿಯಲ್ಲಿದ್ದೆ! ನೀರು ಹೊಕ್ಕಾಗ ಅಕ್ಕಪಕ್ಕ ಯಾರೂ ಇರಲಿಲ್ಲ. ಅರ್ಧ ದಾರಿಗೆ ಎಡಗಡೆ ಒಂದು ನೀಲಿ ಟೋಪಿ ಬಂತು, ದಾಟಿತು. ಅದನ್ನು ಹೋಗಲಿ ಎಂದು ಬಿಟ್ಟೆ. ಬಲಗಡೆ ಇನ್ನೊಂದು ಬರುತ್ತಿತ್ತು. ಕಣ್ಣು ಮುಚ್ಚಿ, ಪಕ್ಕದಲ್ಲಿರುವುದು ದೊಡ್ಡಮ್ಮನ ಭುಜ, ಅರ್ಧ ಮೊಳ, ಇನ್ನು ಅರ್ಧ ಮೊಳ ಎಂದುಕೊಂಡು ತಳ್ಳಿದೆ, ತಳ್ಳಿದೆ... ಕೈ ಟೈಲ್ಸಿಗೆ ಬಡಿಯಿತು. ಎರಡನೆಯವಳು! ಬಲಗಡೆಯವಳಿಗಿಂತ ಒಂದು ಬೆರಳು ಮುಂದೆ!

ಹತ್ತಿ ಕಿತ್ತೆಸೆದು ನೋಡಿದರೆ ಮೆಟ್ಟಿಲ ಮೇಲೆ ಅವ್ವ ಅಳುತ್ತಿದ್ದಳು, ಡ್ರಿಲ್ ಮೇಷ್ಟ್ರು ಯಾರನ್ನೋ ತಬ್ಬಿಕೊಂಡಿದ್ದರು. ದೊಡ್ಡಮ್ಮ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬಾಯಿ ಅಗಲಿಸಿ ಕೂಗುತ್ತಿದ್ದಳು. ಆ ಗದ್ದಲದಲ್ಲಿ ಅವಳ ಕೂಗು ನನಗೂ ಕೇಳಲಿಲ್ಲ, ನನ್ನದು ಅವಳಿಗೂ ಕೇಳಿರಲಾರದು.

ಅಲ್ಲಿಂದ ಮುಂದೆ ಎಲ್ಲ ಓಡಿತು. ಕ್ರೀಡಾ ಹಾಸ್ಟೆಲು, ಬೇರೆ ಬೇರೆ ಊರಿನ ಕೊಳಗಳು, ಕೆಲವು ಪದಕ, ಕೊನೆಗೆ ಈ ಕೆಲಸ. ದೊಡ್ಡಮ್ಮನಿಗೆ ಫೋನು ಮಾಡುತ್ತಿದ್ದೆ. ಮೊದಮೊದಲು ಗಂಟೆಗಟ್ಟಲೆ ಮಾತು. ಬರುಬರುತ್ತಾ ಅವಳು ಎರಡೇ ಮಾತಿಗೆ ಬಂದಳು, ಉಂಡ್ಯಾ, ಈಜಿದ್ಯಾ. ನಾನು ಏನು ಹೇಳಿದರೂ "ಹೂಂ, ಹೂಂ" ಎನ್ನುತ್ತಿದ್ದಳು. ಕೊನೆಗೊಮ್ಮೆ ಊರಿಗೆ ಹೋದಾಗ ಬಲಗಡೆ ನಿಂತು ಕರೆದರೂ ತಿರುಗಲಿಲ್ಲ. ಆಗ ಹಟ ಮಾಡಿ ದಾವಣಗೆರೆಗೆ ಕರೆತಂದು ಕಿವಿ ಡಾಕ್ಟರಿಗೆ ತೋರಿಸಿದೆ.

ಎಡಗಿವಿಯ ಒಳಗೆ ಉಳಿದದ್ದು ಏನೂ ಇಲ್ಲ, ಕೀವು ಸೋರಿ ಸೋರಿ ಮೂಳೆಯೂ ಸವೆದುಹೋಗಿದೆ ಎಂದರು ಆ ಲೇಡಿ ಡಾಕ್ಟರು. ಬಲಗಿವಿಯದು ವಯಸ್ಸಿನದು. ಎಡಗಿವಿಯನ್ನಾದರೂ ಉಳಿಸಿಕೊಳ್ಳಬಹುದಿತ್ತು, ತೂತಿದ್ದಾಗಲೇ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದರು. ನಾನು ಅವಳ ಬಲಗಿವಿಗೆ ಬಾಯಿಟ್ಟು ಅದನ್ನೇ ಕೂಗಿ ಕೇಳಿದೆ.

"ಹೇಳಿದ್ರಲ್ಲ" ಎಂದಳು ದೊಡ್ಡಮ್ಮ. "ತಲೆಗೆ ನೀರು ತಾಕಿಸ್ಬ್ಯಾಡ, ಮೂರು ತಿಂಗ್ಳು ಒಣಗ್ಲಿ, ಆಮೇಲೆ ಆಪರೇಷನ್ ಮಾಡಿ ಮುಚ್ಚಾನ ಅಂದಿದ್ರು. ಚೀಟಿ ಬ್ಯಾರೆ ಬರೆದುಕೊಟ್ಟಿದ್ರು, ಚನ್ನಗಿರ್ಯಾಗೆ."

"ಯಾವಾಗ?"

"ನಿನ್ ಕಿವ್ಯಾಗೆ ಬೂಷ್ಟು ಬಂದಿತ್ತಲ್ಲ, ಅವತ್ತೇ."

ಹಾಗಾದರೆ ಮತ್ತೆ ಯಾಕೆ ನೀರಿಗಿಳಿದೆ, ಯಾಕೆ ತಲೆ ಮುಳುಗಿಸಿದೆ ಎಂದು ಕೂಗಿದೆ. ಡಾಕ್ಟರ ರೂಮಿನ ಹೊರಗಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ದೊಡ್ಡಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು, ನನಗೆ ಚೆನ್ನಾಗಿ ಗೊತ್ತು. ಆದರೂ "ಹಾಂ?" ಎಂದು ನಕ್ಕು, ನನ್ನ ಭುಜ ತಟ್ಟಿ, ಊರಿನ ಬಸ್ಸು ಎಷ್ಟೊತ್ತಿಗೆಂದು ಕೇಳಿದಳು. ನಾನು ಮತ್ತೆ ಕೇಳಲಿಲ್ಲ.

ಹೋದ ವರ್ಷ ಅವಳು ಹೋದಳು. ನಾಲ್ಕು ದಿನ ಜ್ವರ, ಅಷ್ಟೆ. ಒಂದು ಕಿವಿ ಉಳಿಯುವುದಕ್ಕೆ ಕೇವಲ ಮೂರು ತಿಂಗಳು ಬೇಕಿತ್ತು. ಅದರಲ್ಲಿ ಇಪ್ಪತ್ತೆರಡು ದಿನ ನಾನು ತೆಗೆದುಕೊಂಡೆ. ಆಮೇಲೆ ಆ ಚೀಟಿಯ ಸುದ್ದಿಯನ್ನು ಎತ್ತುವವರು ಯಾರೂ ಇರಲಿಲ್ಲ, ಅವಳಂತೂ ಎತ್ತುವವಳಲ್ಲ. ನಾನು ಚಿಕ್ಕವಳಿದ್ದೆ, ನನಗೆ ತಿಳಿದಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಅವ್ವನೂ ಹಾಗೇ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಾಳೆ.

ಮೊನ್ನೆ ಆ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, ಬೈಯದೆ, ಅವಳ ತಾಯಿಗೆ ಡಾಕ್ಟರ ವಿಳಾಸ ಬರೆದುಕೊಟ್ಟೆ. ಅವರು ಹೋದ ಮೇಲೆ ಉಳಿದ ಮಕ್ಕಳನ್ನು ನೀರಿಗೆ ಬಿಟ್ಟು ಅಂಚಿನಲ್ಲಿ ನಿಂತೆ. ಆಗ ನೆನಪಾಯಿತು, ಇಷ್ಟು ವರ್ಷದಲ್ಲಿ ಒಮ್ಮೆಯೂ ನೆನಪಾಗದೇ ಇದ್ದದ್ದು. ಆ ಇಪ್ಪತ್ತೆರಡು ದಿನವೂ ಕೆರೆಯಿಂದ ಎದ್ದು ಬಂದ ಮೇಲೆ ದೊಡ್ಡಮ್ಮ ನನಗೆ ಬೆನ್ನು ಮಾಡಿ ಒಂದು ಬಂಡೆಯ ಮೇಲೆ ಕೂರುತ್ತಿದ್ದಳು. ಸೆರಗಿನ ತುದಿಯಿಂದ ಎಡಗಿವಿಯನ್ನು ಒರೆಸಿಕೊಳ್ಳುತ್ತಿದ್ದಳು. ತಲೆಗೂದಲು ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇರುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ದಿನವೂ ನೋಡಿದ್ದೆ. ನೀರು ಎಂದುಕೊಂಡಿದ್ದೆ.